ತಿಮ್ಮಪ್ಪನ ಹೆಸರಿನಲ್ಲಿ ಬಿಟ್ಟ ಮುದ್ದೆ

ಬೇಯುವ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಡಿದರೆ ನನಗೆ ಬೇಯಿಸಿದ ಮೊಟ್ಟೆ ನೆನಪಾಗುತ್ತದೆ. ರಾಮನಗರಕ್ಕೆ ಹೊಸದಾಗಿ ಬಂದವರು ಆ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾರೆ, ಇಲ್ಲಿಯವರಿಗೆ ಅದು ವಾಸನೆಯೆಂದೇ ಗೊತ್ತಾಗುವುದಿಲ್ಲ. ಮೊನ್ನೆ ನಮ್ಮ ಹಿಂದಿನ ಬೀದಿಯಲ್ಲಿ ಹೋಗುತ್ತಿದ್ದೆ. ಯಾರದೋ ಮನೆಯಲ್ಲಿ ನೂಲು ತೆಗೆಯುತ್ತಿದ್ದರು. ಬಾಯಲ್ಲಿ ನೀರೂರಿತು, ಅದರ ಜೊತೆಗೇ ಸಿಟ್ಟೂ ಬಂತು. ಆ ಬೇಸಿಗೆಯ ನೆನಪುಗಳೆಲ್ಲ ಹೀಗೆ ಒಂದಕ್ಕೊಂದು ಅಂಟಿಕೊಂಡಿವೆ. ಬಿಡಿಸಲು ಹೋದರೆ ಹರಿಯುತ್ತವೆ.

ನಮ್ಮ ನೆಂಟರಲ್ಲಿ ಆ ಬೇಸಿಗೆಯ ಕಥೆಯೊಂದು ಸಿದ್ಧವಾಗಿದೆ. ತಮ್ಮನಿಗೆ ಕಾಯಿಲೆ ಬಂತು, ಅಕ್ಕ ದೇವರಿಗೆ ಹರಕೆ ಹೊತ್ತಳು, ಮುದ್ದೆ ಬಿಟ್ಟಳು. ಮೂರೇ ಮಾತು. ಆ ಮೂರರಲ್ಲಿ ಮೊದಲನೆಯದು ನಿಜ. ಎರಡನೆಯದು ಸುಳ್ಳು. ಮೂರನೆಯದು ನಿಜವೇ, ಆದರೆ ಎರಡನೆಯದರ ಪಕ್ಕದಲ್ಲಿ ಇಟ್ಟ ಕೂಡಲೇ ಅದೂ ಸುಳ್ಳಾಗುತ್ತದೆ. ಇದನ್ನು ಮದುವೆ ಮನೆಗಳಲ್ಲಿ ನಿಂತು ವಿವರಿಸಿ ವಿವರಿಸಿ ನನಗೆ ಸಾಕಾಗಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಎಲೆ ಅಡಿಕೆಗೆ ಕೈಹಾಕಿರುತ್ತಾರೆ.

ನನ್ನ ತಮ್ಮ ಮಂಜ ಇರುವುದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ. ಅದೇ ನನ್ನ ತವರು. ಟ್ರ್ಯಾಕ್ಟರು, ಪಂಪ್‌ಸೆಟ್ಟು ರಿಪೇರಿ ಮಾಡುತ್ತಾನೆ. ಆ ವರ್ಷ ಯುಗಾದಿಯ ಹೊತ್ತಿಗೆ ಅವನ ಕಣ್ಣು ಹಳದಿಯಾಯಿತು, ಕಾಲು ಊದಿತು, ಹೊಟ್ಟೆಯಲ್ಲಿ ನೀರು ತುಂಬಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ, ಲಿವರ್ ಪೂರ್ತಿ ಕೆಟ್ಟಿದೆ, ಮನೆಯವರು ಯಾರಾದರೂ ತಮ್ಮದರಲ್ಲಿ ಒಂದು ಭಾಗ ಕೊಡದಿದ್ದರೆ ಹೆಚ್ಚು ದಿನ ಉಳಿಯುವುದಿಲ್ಲ ಅಂದರು. ಮಂಜ ಜೀವಮಾನದಲ್ಲಿ ಹೆಂಡ ಮುಟ್ಟಿದವನಲ್ಲ. ಯಾವುದೋ ಕಾಲದ ಕಾಮಾಲೆ ವೈರಸ್ಸು ಒಳಗೇ ಕೂತು ತಿಂದಿತ್ತು. ಆದರೂ ನೋಡಲು ಬಂದವರೆಲ್ಲ ಅವನ ಮಂಚದ ಪಕ್ಕದಲ್ಲೇ ಕೂತು ಕೇಳುವುದು: "ಒಸಿ ಜಾಸ್ತಿನೇ ಹಾಕ್ತಿದ್ನಾ?"

ಅವನ ಹೆಂಡತಿಯ ರಕ್ತದ ಗುಂಪು ಕೂಡಲಿಲ್ಲ. ಅವ್ವನಿಗೆ ವಯಸ್ಸಾಗಿತ್ತು. ನನ್ನದು ಕೂಡಿತು. ನಾನು ರಾಮನಗರದ ಅಂಚೆ ಕಚೇರಿಯಲ್ಲಿ ಕೌಂಟರಿನ ಹಿಂದೆ ಕೂರುವವಳು. ಕೂತು ಕೂತು ಹೇಗಾಗಿದ್ದೆನೋ ಹಾಗಾಗಿದ್ದೆ. ಸ್ಕ್ಯಾನ್ ನೋಡಿದ ಡಾಕ್ಟರು ತಲೆಯಾಡಿಸಿದರು. "ಲಿವರ್ ತುಂಬ ಕೊಬ್ಬು ಕೂತಿದೆಯಮ್ಮ. ಹೀಗೇ ತೆಗೆದರೆ ನಿಮಗೂ ಅಪಾಯ, ಅವರಿಗೂ ಪ್ರಯೋಜನವಿಲ್ಲ. ಎರಡು ತಿಂಗಳು ಟೈಮ್ ಇದೆ. ಇಳಿಸಿಕೊಂಡು ಬನ್ನಿ."

ಊಟದ ಪಥ್ಯ ಹೇಳಿಕೊಡಲು ಆಸ್ಪತ್ರೆಯಲ್ಲಿ ಒಬ್ಬಳು ಹುಡುಗಿಯಿದ್ದಳು. ಅನ್ನ, ಗೋಧಿ, ಸಕ್ಕರೆ, ಬೆಲ್ಲ, ಆಲೂಗಡ್ಡೆ, ಹಣ್ಣು ಎಲ್ಲ ಬಿಡಿ. ಮೊಟ್ಟೆ, ಕೋಳಿ, ಮೀನು, ಪನೀರು, ಸೊಪ್ಪು, ಮೊಸರು ತಿನ್ನಿ ಅಂದಳು.

"ರಾಗಿ?" ಅಂದೆ.

"ರಾಗೀನೂ ಬಿಡಿ."

"ಮುದ್ದೆ?"

ಹುಡುಗಿ ನನ್ನ ಮುಖ ನೋಡಿದಳು. "ಮುದ್ದೆ ಅಂದ್ರೆ ರಾಗೀನೇ ಅಲ್ವಾ ಆಂಟಿ?"

ಹೌದು, ರಾಗಿಯೇ. ಆದರೆ ನಮ್ಮ ಕಡೆ ಅದು ಊಟದ ಒಂದು ಪದಾರ್ಥವಲ್ಲ. ಊಟ ಅಂದರೇ ಅದು. ಉಳಿದದ್ದೆಲ್ಲ ಅದನ್ನು ಗಂಟಲಲ್ಲಿ ಇಳಿಸುವುದಕ್ಕೆ. ಮುದ್ದೆ ಬಿಟ್ಟು ಬೇರೆ ಏನು ತಿಂದರೂ ಅದು ತಿಂಡಿ.

ಮನೆಯಲ್ಲಿ ನಾವು ಮೂವರು. ನಾನು, ಗಂಡ ರಾಜಣ್ಣ, ಅತ್ತೆ ಚಿಕ್ಕತಾಯಮ್ಮ. ಅತ್ತೆ ವಿರೂಪಾಕ್ಷಿಪುರದ ಕಡೆಯವರು, ಎಪ್ಪತ್ತು ದಾಟಿದ್ದಾರೆ, ಮೂರು ಹೊತ್ತೂ ಮುದ್ದೆಯಿಲ್ಲದಿದ್ದರೆ ಯಾರೋ ತಮ್ಮನ್ನು ಉಪವಾಸ ಕೆಡವಿದ್ದಾರೆ ಎಂದು ಭಾವಿಸುವವರು. ರಾಜಣ್ಣ ಮಾವಿನ ಮಂಡಿಯಲ್ಲಿ ಕೆಲಸ ಮಾಡುತ್ತಾನೆ. ಆಸ್ಪತ್ರೆಯಲ್ಲಿ ಹಣ್ಣು ಮುಟ್ಟಬೇಡಿ ಅಂದ ವಾರವೇ ಬಾದಾಮಿ ಮಾವು ಶುರುವಾಯಿತು. ಅವನು ದಿನಾ ಸಂಜೆ ಒಂದು ಚೀಲ ತಂದು ಅಡುಗೆಮನೆಯ ಮೂಲೆಯಲ್ಲಿ ಹುಲ್ಲಿನ ಮೇಲೆ ಹರಡುತ್ತಿದ್ದ. "ನೀನ್ ತಿನ್ಬೇಡ, ಬುಡು. ವಾಸ್ನೆ ಕುಡಿಯಕ್ಕೇನು?" ಅನ್ನುತ್ತಿದ್ದ. ಅದು ಅವನ ಸಮಾಧಾನದ ಮಾತು.

ನಾನೇ ಎಸರಿಟ್ಟು, ಹಿಟ್ಟು ಸುರಿದು, ಕೋಲು ಹಿಡಿದು ತೊಳಸುವುದು. ನಾನೇ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ ಅವರಿಬ್ಬರ ತಟ್ಟೆಗೆ ಇಕ್ಕುವುದು. ಆಮೇಲೆ ಬಟ್ಟಲಲ್ಲಿ ಹುರಿದ ಸೊಪ್ಪು, ಎರಡು ಮೊಟ್ಟೆ ಹಿಡಿದು ಬಾಗಿಲ ಹತ್ತಿರ ಕೂರುವುದು. ಮೊದಲ ವಾರ ತಲೆನೋವು, ಕೈನಡುಕ. ಹೀಗೆಂದು ನಾನು ಹೇಳುತ್ತೇನೆ. ರಾಜಣ್ಣನ ಪ್ರಕಾರ ನನಗೆ ತಲೆನೋವೇ ಇರಲಿಲ್ಲ, ಬರೀ ಕೋಪ ಇತ್ತು. ಇರಬಹುದು. ಹಸಿವು ಯಾವುದು ಕೋಪ ಯಾವುದು ಎಂದು ಆಗ ಬೇರೆ ಮಾಡಿ ನೋಡಿದವಳಲ್ಲ, ಈಗ ಮಾಡಿದರೆ ಅದು ಕಟ್ಟುಕಥೆ.

ತಿನ್ನದಿರುವುದು ಕಷ್ಟವಲ್ಲ. ತಿನ್ನುವುದಿಲ್ಲ ಎಂದು ಹೇಳುವುದು ಕಷ್ಟ. ಓಣಿಯವರು, ಕಚೇರಿಯವರು, ಎರಡೂ ಕಡೆಯ ನೆಂಟರು, ಎಲ್ಲರಿಗೂ ನಾನು ತಮ್ಮನಿಗೆ ಲಿವರ್ ಕೊಡುತ್ತೇನೆ ಎಂದು ಗೊತ್ತಾಗಿತ್ತು. ಗೊತ್ತಾದ ಕೂಡಲೇ ಅವರೆಲ್ಲರಿಗೂ ನನ್ನನ್ನು ದಪ್ಪ ಮಾಡುವ ಹುಮ್ಮಸ್ಸು ಬಂತು. ಕೊಡುವವಳು ಗಟ್ಟಿಯಾಗಿರಬೇಕಲ್ಲ! ಕರು ಹಾಕುವ ಹಸುವನ್ನು ನೋಡಿಕೊಳ್ಳುವ ಹಾಗೆ ನೋಡಿಕೊಂಡರು. ರವೆ ಉಂಡೆ ಬಂತು, ಹುರಿಹಿಟ್ಟು ಬಂತು, ಕಜ್ಜಾಯ ಬಂತು.

"ಡಾಕ್ಟ್ರು ಬೇಡ ಅಂದವ್ರೆ," ಅಂದರೆ, "ಡಾಕ್ಟ್ರು ನೋಡ್ತಾ ಕೂತವ್ನಾ? ಒಂದ್ ತಿನ್ನವ್ವ."

"ಲಿವರ್‌ನಲ್ಲಿ ಕೊಬ್ಬೈತಂತೆ," ಅಂದರೆ, "ಇರ್ಲಿ ಬುಡು, ನಿನ್ ತಮ್ಮಂಗೂ ಒಸಿ ಕೊಬ್ಬು ಬರ್ಲಿ."

"ರಾಗೀಲೂ ಸಕ್ಕರೆ ಅಂಶ ಇರುತ್ತಂತೆ," ಅಂದರೆ ನಗು. ಸಕ್ಕರೆ ಕಾಯಿಲೆಯವರಿಗೇ ರಾಗಿ ತಿನ್ನು ಅನ್ನುತ್ತಾರೆ, ಇವಳಿಗೊಬ್ಬಳಿಗೆ ಬೇಡವಂತೆ.

ಭಾನುವಾರ ಕಲ್ಯಕ್ಕೆ ಹೋಗುತ್ತಿದ್ದೆ. ಮಂಜನಿಗೆ ಉಪ್ಪು ಬಿಡಿಸಿದ್ದರು. ಮೊದಮೊದಲು ಅವನಿಗೆ ತಮಾಷೆ ಮಾಡುವ ಶಕ್ತಿಯಿತ್ತು. "ನೀನು ಉಪ್ಪು ತಿನ್ಬೋದು, ನಾನು ಮುದ್ದೆ ತಿನ್ಬೋದು. ಇಬ್ರೂ ಸೇರುದ್ರೆ ಒಂದೂಟ ಆಯ್ತದೆ ಕಣಕ್ಕ," ಅಂದಿದ್ದ. ಆಮೇಲಾಮೇಲೆ ತಮಾಷೆ ನಿಂತಿತು. ನಾನು ಒಳಗೆ ಬಂದರೆ ಅವನ ಕಣ್ಣು ನನ್ನ ಮುಖಕ್ಕೆ ಬರುತ್ತಿರಲಿಲ್ಲ, ನೇರ ಹೊಟ್ಟೆಗೆ ಬರುತ್ತಿತ್ತು. ಇಳಿದಿದೆಯಾ ಎಂದು ಬಾಯಿಬಿಟ್ಟು ಕೇಳಿದ್ದು ಒಂದೇ ಸಲ. ನಾನು ಇಳಿದಿದೆ ಅಂದೆ. ಇಳಿದಿರಲಿಲ್ಲ. ಆ ವಾರ ಯಾರದೋ ಗೃಹಪ್ರವೇಶ, ಇನ್ನಾರದೋ ನಾಮಕರಣ, ಬಾಯಿಗೇ ತುರುಕಿದ್ದರು.

ಕುದೂರಿನ ಬೀಗರ ಊಟ ಆದದ್ದು ಅದರ ಮರುವಾರ. ಅತ್ತೆಯ ಅಣ್ಣನ ಮೊಮ್ಮಗಳ ಮದುವೆ. ಹೋಗದಿದ್ದರೆ ನಡೆಯುವುದಿಲ್ಲ. ಶಾಮಿಯಾನದ ಕೆಳಗೆ ಸೆಕೆ, ಉದ್ದಕ್ಕೆ ಪಂಕ್ತಿ, ಬಾಡಿನ ಸಾರಿನ ಘಮ. ನನಗೆ ಖುಷಿಯೇ ಆಗಿತ್ತು. ಬಾಡು ಅಂದರೆ ಮಾಂಸ, ಅದನ್ನು ಆಸ್ಪತ್ರೆಯಲ್ಲಿ ಬಿಡಿ ಅಂದಿರಲಿಲ್ಲವಲ್ಲ. ಮುದ್ದೆಯ ತಟ್ಟೆ ಹಿಡಿದು ಬಂದವನಿಗೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, "ಬೇಡ, ಬರೀ ಬಾಡು ಇಕ್ಕು," ಅಂದೆ. ಅವನು ಇಕ್ಕಿದ. ಎದುರು ಸಾಲಿನಲ್ಲಿದ್ದ ಹೆಂಗಸೊಬ್ಬಳು, ಗಂಡಿನ ಕಡೆಯವಳು, ಪಕ್ಕದವಳಿಗೆ ಕೇಳುವಂತೆ ಅಂದಳು:

"ಮುದ್ದೆ ಬುಟ್ಬುಟ್ಟು ಬರೀ ಬಾಡ್ನೇ ಹಾಕಿಸ್ಕಂತವ್ಳಲ್ಲ ಕಣೇ, ಎಂಥಾ ನಾಲ್ಗೆನೋ!"

ಸಾಲಿಗೆ ಸಾಲೇ ನನ್ನ ಎಲೆ ನೋಡಿತು. ನಾನು ಡಯಟ್ಟು, ಡಾಕ್ಟರು ಎಂದು ಶುರುಮಾಡಿದೆ. ಯಾರೋ, "ಅಯ್ಯೋ ಡಯಟ್ಟಂತೆ, ಇಕ್ಕುಲಾ ಒಂದ್ ಮುದ್ದೆಯ," ಅಂದರು. ಮುದ್ದೆ ಬಿತ್ತು. ಆಗ ಪಕ್ಕದಲ್ಲಿದ್ದ ಅತ್ತೆ ಗಂಟಲೆತ್ತಿದರು.

"ಯಾಕ್ಲಾ ಅವ್ಳಿಗೆ ಇಕ್ಕ್ದೆ? ಹರಕೆ ಹೊತ್ತವ್ಳೆ ಅವ್ಳು! ತಮ್ಮ ಎದ್ದು ಓಡಾಡೋಗಂಟ ಮುದ್ದೆ ಮುಟ್ಟಂಗಿಲ್ಲ!"

ಗದ್ದಲ ನಿಂತಿತು. ಬಡಿಸುವವನು ನಾಲಿಗೆ ಕಚ್ಚಿಕೊಂಡ. ಎದುರು ಸಾಲಿನವಳು ಕೆನ್ನೆ ಬಡಿದುಕೊಂಡಳು. ಎರಡು ತಿಂಗಳಲ್ಲಿ ಒಂದು ತಿಂಗಳನ್ನು ನಾನು ಡಾಕ್ಟರ ಹೆಸರು ಹೇಳಿ ಕಳೆದಿದ್ದೆ. ಒಬ್ಬರೂ ಕೈ ಹಿಂದೆ ತೆಗೆದಿರಲಿಲ್ಲ. ಒಂದೇ ಒಂದು ಮಾತಿಗೆ ಇಡೀ ಪಂಕ್ತಿ ಕೈ ಹಿಂದೆ ತೆಗೆಯಿತು. ಅತ್ತೆಯ ಬುದ್ಧಿಗೆ ಮನಸ್ಸಿನಲ್ಲೇ ಕೈಮುಗಿದೆ.

"ಯಾವ ದೇವ್ರಿಗಮ್ಮ?" ಎಂದು ಯಜಮಾನರೊಬ್ಬರು ಭಕ್ತಿಯಿಂದ ಕೇಳಿದರು.

ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. "ಬೆಟ್ಟದ ತಿಮ್ಮಪ್ಪಂಗೆ."

ಅಲ್ಲಿಗೆ ಮುಗಿಯಿತು. ಮಾರಮ್ಮ ಅಂದಿದ್ದರೆ ಏನೂ ಆಗುತ್ತಿರಲಿಲ್ಲ, ಅವಳೇ ಕೋಳಿ ತಿನ್ನುವವಳು. ತಿಮ್ಮಪ್ಪನ ಹರಕೆಯವಳ ಎಲೆಯಲ್ಲಿ ಬಾಡು! ನಾಲ್ಕು ಜನ ಓಡಿಬಂದು ನನ್ನ ಎಲೆ ಎತ್ತಿದರು, ನಾನು ಇನ್ನೂ ಮುಟ್ಟಿರದ ತುಂಡುಗಳ ಸಮೇತ. ನನ್ನನ್ನು ಬಾಡಿನ ವಾಸನೆ ತಾಗದ ಕಡೆ, ಒಂದು ಬೇವಿನ ಮರದ ಕೆಳಗೆ ಕೂರಿಸಿದರು. ಹೊಸ ಎಲೆ ಹಾಕಿದರು. ಬಾಳೆಹಣ್ಣು, ಬೆಲ್ಲ ಹಾಕಿದ ಅವಲಕ್ಕಿ, ಸಬ್ಬಕ್ಕಿ ಪಾಯಸ. ಆಸ್ಪತ್ರೆಯ ಹುಡುಗಿ ಬಿಡಿ ಅಂದಿದ್ದರಲ್ಲಿ ಅರ್ಧ ಆ ಎಲೆಯಲ್ಲಿತ್ತು.

ಬಸ್ಸಿನಲ್ಲಿ ಬರುವಾಗ ಕೇಳಿದೆ, "ಮಾರಮ್ಮ ಅನ್ನೋಕೆ ಏನಾಗಿತ್ತು ಅತ್ತೆ?"

"ಬಾಯಿಗೆ ತಿಮ್ಮಪ್ಪ ಬಂದ. ನಾನೇನ್ ಮಾಡ್ಲಿ?"

"ಹೋಗಲಿ, ಮನೇಲಿ ಮೊಟ್ಟೆ ತಿಂದರೆ ಯಾರಿಗೆ ಗೊತ್ತಾಗುತ್ತೆ?"

ಅತ್ತೆ ಕಿಟಕಿಯ ಕಡೆ ತಿರುಗಿದರು. "ಬ್ಯಾಡ ಕಣ್ ಮಗ. ಹೆಸ್ರು ತಗಂಡಾಯ್ತಲ್ಲ."

"ಸುಳ್ಳು ಕಟ್ಟಿದ್ದು ನೀವೇ ಅಲ್ವಾ?"

"ಸುಳ್ಳು ನಂದು. ಹೆಸ್ರು ಅವನ್ದು."

ಮರುದಿನ ಅಡುಗೆಮನೆಯಲ್ಲಿ ಮೊಟ್ಟೆಯ ಬುಟ್ಟಿ ಇರಲಿಲ್ಲ. ಸುದ್ದಿ ಬಸ್ಸಿಗಿಂತ ಮುಂಚೆ ಊರು ತಲುಪಿತ್ತು. ಅಂಚೆ ಕಚೇರಿಯ ಕೌಂಟರಿನ ತೂತಿನಲ್ಲಿ ಪಿಂಚಣಿಯ ಅಜ್ಜಿಯರು ಸಜ್ಜಿಗೆಯ ದೊನ್ನೆ ತೂರಿಸತೊಡಗಿದರು. ಪ್ರಸಾದ, ಬೇಡ ಅನ್ನುವ ಹಾಗಿಲ್ಲ. ಮುದ್ದೆಯನ್ನು ಯಾರೂ ಕೊಡುತ್ತಿರಲಿಲ್ಲ, ಅದು ನಿಜ. ಬದಲಿಗೆ ದೇವರು ಒಪ್ಪುವ ಸಿಹಿಯನ್ನೆಲ್ಲ ಕೊಡುತ್ತಿದ್ದರು. ಪನೀರು, ಮೊಸರು, ಸೊಪ್ಪು ಇಷ್ಟರಲ್ಲೇ ದಿನ ತಳ್ಳಿದರೆ ಮಧ್ಯಾಹ್ನಕ್ಕೆ ಕಣ್ಣು ಕತ್ತಲೆ ಬರುತ್ತಿತ್ತು.

ಹಿಂದಿನ ಬೀದಿಯ ನಸೀಮಾ ಸಿಕ್ಕಿದ್ದು ಆಗ. ಸಿಕ್ಕಿದ್ದು ಅನ್ನುವುದು ತಪ್ಪು, ಅವಳು ಹತ್ತು ವರ್ಷದಿಂದ ಗೊತ್ತು. ಮನೆಯ ಹಿಂಭಾಗದಲ್ಲೇ ನೂಲು ತೆಗೆಯುವ ಘಟಕ ಇದೆ; ಗಂಡ, ಮೈದುನ, ಅವಳು, ಮೂವರೂ ದುಡಿಯುತ್ತಾರೆ. ನಾನು ಕಥೆಯೆಲ್ಲ ಹೇಳಿದೆ. ಅವಳು ಕಣ್ಣೊರೆಸಿಕೊಂಡು ನಕ್ಕಳು. "ರಂಜಾನ್‌ನಲ್ಲಿ ರೋಜಾ ಇಟ್ಕೊಂಡು ಕದ್ದು ತಿನ್ನೋ ಹುಡುಗ್ರನ್ನ ನೋಡಿದ್ದೀನಿ ಅಕ್ಕಾ. ಹರಕೆನೇ ಇಲ್ದೆ ಕದ್ದು ತಿನ್ನೋರನ್ನ ಇದೇ ಫಸ್ಟು." ಕಚೇರಿಯಿಂದ ಬರುವಾಗ ಅವಳ ಮನೆಗೆ ಹೋಗುತ್ತಿದ್ದೆ. ಒಂದು ಕಡೆ ಬಿಸಿನೀರಿನ ತೊಟ್ಟಿಯಲ್ಲಿ ಗೂಡು ಕುದಿಯುತ್ತಿತ್ತು, ಇನ್ನೊಂದು ಕಡೆ ಒಲೆಯ ಮೇಲೆ ನನ್ನ ಮೊಟ್ಟೆ. ಒಮ್ಮೆ ಬಿರಿಯಾನಿ ಕೊಟ್ಟಾಗ ಅನ್ನವನ್ನೆಲ್ಲ ಬದಿಗೆ ಸರಿಸಿ ತುಂಡು ಆರಿಸಿಕೊಂಡೆ. "ಬಿರಿಯಾನಿಗೆ ಇಂಥ ಅವಮಾನ ನಮ್ಮನೇಲಿ ಯಾರೂ ಮಾಡಿರ್ಲಿಲ್ಲ," ಎಂದು ತಟ್ಟೆ ಕಿತ್ತುಕೊಂಡು, ಬರೀ ತುಂಡು ಹಾಕಿಕೊಟ್ಟಳು. ನನ್ನ ನೆನಪಿನಲ್ಲಿ ದಿನಾ ಹೋದಂತಿದೆ. ದಿನಾ ಎಲ್ಲಿ ಬಂದ್ರಿ, ವಾರಕ್ಕೆ ಎರಡು ಸಲ ಬಂದ್ರೆ ಹೆಚ್ಚು ಅನ್ನುತ್ತಾಳೆ ನಸೀಮಾ. ವಾಸನೆ ಮಾತ್ರ ದಿನದ್ದೇ.

ಅತ್ತೆಗೆ ಗೊತ್ತಿತ್ತೋ ಇಲ್ಲವೋ, ಆಗ ನನಗೆ ತಿಳಿಯಲಿಲ್ಲ. ನಾನು ಸಂಜೆ ತಡವಾಗಿ ಬಂದಾಗ ಅವರು ಏನೂ ಕೇಳುತ್ತಿರಲಿಲ್ಲ, ಕೈತೊಳೆಯಲು ನೀರು ಮಾತ್ರ ಕೊಡುತ್ತಿದ್ದರು. ಮೊದಲೂ ಕೊಡುತ್ತಿದ್ದರೇ? ಗಮನಿಸಿರಲಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ವಾರ ಸ್ಕ್ಯಾನ್ ಆಯಿತು. ಸೀರೆಯ ಕುಪ್ಪಸಗಳೆಲ್ಲ ಜೋಲುತ್ತಿದ್ದವು. ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿ, "ಆಗಬಹುದು," ಅಂದರು. ಮಂಜನನ್ನು ಆ ಹೊತ್ತಿಗೆ ಆಸ್ಪತ್ರೆಗೇ ಸೇರಿಸಿದ್ದರು. ಮಾತಿನ ನಡುವೆ ನಿದ್ದೆ ಹೋಗುತ್ತಿದ್ದ, ಕೆಲವೊಮ್ಮೆ ನನ್ನನ್ನು ಅವ್ವ ಎಂದು ಕರೆಯುತ್ತಿದ್ದ. ಇನ್ನು ತಡಮಾಡಬಾರದು ಎಂದು ಡಾಕ್ಟರು ಎರಡು ಸಲ ಹೇಳಿದರು.

ಉಳಿದದ್ದು ಆಸ್ಪತ್ರೆಯ ಸಮಿತಿಯ ಒಪ್ಪಿಗೆ. ಕೊಡುವವರು ಯಾರ ಒತ್ತಾಯಕ್ಕೂ ಸಿಕ್ಕಿ ಕೊಡುತ್ತಿಲ್ಲ ಎಂದು ಅವರಿಗೆ ಖಾತ್ರಿಯಾಗಬೇಕು. ಮೇಜಿನ ಹಿಂದೆ ಮೂವರು, ಪಕ್ಕದಲ್ಲಿ ವಿಡಿಯೊ ಕ್ಯಾಮೆರಾ. ನನ್ನನ್ನೂ ರಾಜಣ್ಣನನ್ನೂ ಕೂರಿಸಿದರು. ಕನ್ನಡಕದ ಹೆಂಗಸು ಮೆತ್ತಗೆ ಕೇಳಿದರು: ಸ್ವಂತ ಇಷ್ಟವೇ? ಹೌದು. ಅಪಾಯ ಗೊತ್ತೇ? ಗೊತ್ತು. ಎಲ್ಲ ಸಲೀಸಾಗಿ ಹೋಗುತ್ತಿತ್ತು. ಫೈಲಿನಲ್ಲಿದ್ದ ಹಳೆಯ ತೂಕ, ಹೊಸ ತೂಕ ನೋಡಿ ಅವರು ಮೆಚ್ಚುಗೆಯಿಂದಲೇ, "ಇಷ್ಟು ಬೇಗ ಹೇಗೆ ಇಳಿಸಿದ್ರಿ?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ರಾಜಣ್ಣ ಎದೆಯುಬ್ಬಿಸಿದ. ಒಂದು ತಿಂಗಳು ಊರಿನವರಿಗೆಲ್ಲ ಹೇಳಿ ಹೇಳಿ ಅವನಿಗೆ ಅದೇ ಬಾಯಿಪಾಠವಾಗಿತ್ತು. "ಹರಕೆ ಮೇಡಂ. ನಮ್ಮವ್ವ ಹೊರಿಸಿದ್ದು. ಒಂದು ತುತ್ತು ಮುದ್ದೆ ಮುಟ್ಟಿಲ್ಲ ಇವ್ಳು."

ಬರೆಯುತ್ತಿದ್ದ ಪೆನ್ನು ನಿಂತಿತು. ನಡುವೆ ಕೂತಿದ್ದವರು ಕೇಳಿದರು, "ಹೊರಿಸಿದ್ದು? ಅಂದರೆ ಅತ್ತೆ ಹೇಳಿದ್ದಕ್ಕೆ ನೀವು ಉಪವಾಸ ಮಾಡಿದ್ರಾ?"

"ಇಲ್ಲ ಸಾರ್, ಅದು ಡಯಟ್ಟು. ಹರಕೆ ಸುಳ್ಳು."

"ಸುಳ್ಳಾದರೆ ಇವರು ಯಾಕೆ ಹೇಳ್ತಿದ್ದಾರೆ?"

ನಾನು ಬೀಗರ ಊಟದಿಂದ ಶುರುಮಾಡಿದೆ. ಬಾಡು ಅಂದೆ, ಮಾರಮ್ಮ ಅಂದೆ. ಹೇಳಿದಷ್ಟೂ ಹೆದರಿದ ಸೊಸೆಯೊಬ್ಬಳು ಗಂಡನ ಮನೆಯವರನ್ನು ಬಚಾವು ಮಾಡುತ್ತಿರುವ ಹಾಗೆ ಕೇಳಿಸುತ್ತಿತ್ತು, ನನಗೇ ಕೇಳಿಸುತ್ತಿತ್ತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವರ ಜೊತೆ ಇನ್ನೊಂದು ದಿನ ಒಬ್ಬರೇ ಇರುವಾಗ ಮಾತಾಡಬೇಕು, ಮುಂದಿನ ವಾರ ನೋಡೋಣ ಅಂದರು. ಮುಂದಿನ ವಾರ! ಎರಡು ಮಹಡಿ ಮೇಲೆ ಮಂಜ ನನ್ನನ್ನು ಅವ್ವ ಅನ್ನುತ್ತಿದ್ದ. ಪಕ್ಕದಲ್ಲಿದ್ದ ಗಂಡನನ್ನು ಅಲ್ಲೇ ಹೊಡೆಯಬೇಕೆನಿಸಿತು.

ಕನ್ನಡಕದ ಹೆಂಗಸು, "ಅತ್ತೆ ಬಂದಿದ್ದಾರಾ? ಕರೀರಿ," ಅಂದರು.

ಅತ್ತೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಹರಕೆ ಹೊರಿಸಿದ್ದು ನೀವೇನಾ ಎಂದು ಕೇಳಿದಾಗ ಅವರು ಮೊದಲು ನೋಡಿದ್ದು ಮಗನನ್ನು. ಆ ನೋಟಕ್ಕೆ ಅವನು ಕುಗ್ಗಿದ. ಆಮೇಲೆ ಸೆರಗು ಹೊದ್ದುಕೊಂಡು, ದೇವರ ಮುಂದೆ ನಿಂತ ಹಾಗೆ ನಿಂತು ಹೇಳಿದರು:

"ಹರಕೆ ಇಲ್ಲ ಸ್ವಾಮಿ. ಜನದ್ ಕೈ ತಡಿಯಕ್ಕೆ ನಾನೇ ಕಟ್ಟಿದ್ದು. ತಿಮ್ಮಪ್ಪನ ಹೆಸ್ರಲ್ಲಿ ಸುಳ್ಳಾಡಿದ್ದು ನಾನು. ಅದುಕ್ಕೆ ಏನಿದ್ರೂ ನನ್ ತಲೆ ಮ್ಯಾಲೆ. ಇವ್ಳುನ್ನ ನಿಲ್ಲುಸ್ಬ್ಯಾಡಿ."

"ನೀವು ಕೊಡು ಅಂದಿದ್ದಕ್ಕೆ ಇವರು ಲಿವರ್ ಕೊಡ್ತಿಲ್ಲ ಅಂತ ನಾವು ಹೇಗೆ ನಂಬೋದಮ್ಮ?"

ಅತ್ತೆಗೆ ಅಷ್ಟು ಹೊತ್ತು ತಡೆದಿದ್ದ ಸಿಟ್ಟು ಬಂತು. "ನಾನ್ ಅಂದ್ರೆ ಇವ್ಳು ಕೇಳ್ತಾಳಾ? ಒಂದ್ ಬಾಳೆಹಣ್ ತಿನ್ನವ್ವ ಅಂದೆ, ತಿನ್ಲಿಲ್ಲ. ಮೊಟ್ಟೆ ಮುಟ್ಬ್ಯಾಡ ಅಂದೆ, ಸಾಬ್ರ ಮನೇಗೋಗಿ ತಿಂದ್ಲು. ಕಲ್ ನೆಟ್ಟಂಗ್ ಕೂತವ್ಳೆ. ನಾನ್ ಹೇಳಿದ್ ಒಂದ್ ಮಾತ್ ಕೇಳಿದ್ರೆ ಈಗ್ಲೇ ನಿಮ್ ಕಾಲ್ ಕೆಳುಗ್ ನುಸೀತೀನಿ!"

ಮೂವರಲ್ಲಿ ಒಬ್ಬರು ನಗು ತಡೆಯಲು ಕೆಮ್ಮಿದರು. ರಾಜಣ್ಣ ಈ ಭಾಗವನ್ನು ಹೇಳುವಾಗ ಅವ್ವ ಗೋಳೋ ಎಂದು ಅತ್ತಳು ಅನ್ನುತ್ತಾನೆ. ಅಳಲಿಲ್ಲ. ಅವನಿಗೆ ಅಲ್ಲೊಂದು ಅಳು ಬೇಕು. ನಾನು ನೋಡಿದ್ದು ಇಷ್ಟು: ಅವರು ಕ್ಯಾಮೆರಾದ ಕಡೆಗೆ ತಿರುಗಿ ಒಂದು ಸಲ ಕೈಮುಗಿದರು. ಅದನ್ನು ಏನೆಂದುಕೊಂಡಿದ್ದರೋ. ಸಂಜೆಗೆ ಸಹಿ ಬಿತ್ತು.

ಮಂಜನಿಗೆ ನನ್ನ ಲಿವರಿನ ಭಾಗ ಹಿಡಿಯಿತು. ನಡುವೆ ಒಂದು ಸಲ ಜ್ವರ, ಒಂದು ಸಲ ಭಯ, ಆಮೇಲೆ ಕಣ್ಣು ಬೆಳ್ಳಗಾಯಿತು. ನಾನು ಮೊದಲು ಮನೆಗೆ ಬಂದೆ. ಇನ್ನು ಎಲ್ಲ ತಿನ್ನಿ, ಚೆನ್ನಾಗಿ ತಿನ್ನಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಅಡುಗೆಗೆ ಓಣಿಯ ಹೆಂಗಸೊಬ್ಬಳು ಬರುತ್ತಿದ್ದಳು. ಮೂರನೆಯ ದಿನವೋ ನಾಲ್ಕನೆಯ ದಿನವೋ ನನಗೆ ಕಂಡಿತು: ಅತ್ತೆಯ ತಟ್ಟೆಯಲ್ಲಿ ಎರಡು ಸೌಟು ಅನ್ನ, ಮಜ್ಜಿಗೆ. ಅನ್ನವನ್ನು ಜ್ವರದವರ ಊಟ ಅನ್ನುತ್ತಿದ್ದವರು.

"ಮುದ್ದೆ ಎಲ್ಲಿ ಅತ್ತೆ?"

"ಹೊಟ್ಟೆ ಸರಿಯಿಲ್ಲ."

ಮರುದಿನವೂ ಹೊಟ್ಟೆ ಸರಿಯಿರಲಿಲ್ಲ. ಅದರ ಮರುದಿನವೂ. ಕೊನೆಗೆ ಹಾಸಿಗೆಯಿಂದಲೇ ಗದರಿದೆ. ಅತ್ತೆ ಬಾಗಿಲ ಹತ್ತಿರ ನಿಂತು, ಬೇರೆಲ್ಲೋ ನೋಡುತ್ತ ಅಂದರು: "ಸುಳ್ಳಾಡಿದ್ದಾಯ್ತಲ್ಲ. ನಿಜ ಮಾಡ್ಬೇಕಲ್ವಾ ಯಾರಾದ್ರೂ? ನಿನ್ ತಮ್ಮ ಅವನ್ ಕಾಲಲ್ಲಿ ಬೆಟ್ಟ ಹತ್ತೋಗಂಟ ನಾನ್ ಮುದ್ದೆ ಮುಟ್ಟಲ್ಲ."

ನಾನು ತರ್ಕ ಹೇಳಿದೆ. ವಯಸ್ಸು ಹೇಳಿದೆ. ಡಾಕ್ಟರ ಹೆಸರು ಹೇಳಿದೆ. ಅದರ ಬೆಲೆ ನನಗೆ ಮೊದಲೇ ಗೊತ್ತಿತ್ತು. ಅವರು ಒಳಗೆ ಹೋದರು. ಎಪ್ಪತ್ತು ವರ್ಷ ಮುದ್ದೆಯ ಮೇಲೆ ನಿಂತ ಮೈ. ಸೀರೆಯ ನೆರಿಗೆ ಆಗಲೇ ಸಡಿಲವಾಗಿತ್ತು. ಹೊಲಿಗೆ ಹಾಕಿದ ಹೊಟ್ಟೆಯನ್ನು ದಿಂಬಿನಿಂದ ಒತ್ತಿ ಹಿಡಿದು ಎದ್ದು ಕೂತೆ. ಆಮೇಲೆ ಮಂಜನಿಗೆ ಫೋನು ಮಾಡಿದೆ. ಅವನೂ ಕಲ್ಯಕ್ಕೆ ಬಂದು ಎರಡು ದಿನವಾಗಿತ್ತಷ್ಟೇ.

"ಇವತ್ತು ಎಲ್ಲಿವರೆಗೂ ನಡೆದೆ?"

"ಹಟ್ಟಿ ಬಾಗ್ಲಿಂದ ಜಗಲಿವರ್ಗೂ ಅಕ್ಕ. ಸುಸ್ತಾಯ್ತದೆ."

"ಸುಸ್ತಾಗ್ಲಿ. ನಾಳೆ ಹಾಲಿನ ಡೈರಿವರ್ಗೂ ಹೋಗು."

"ಡಾಕ್ಟ್ರು ಒಸಿ ಒಸಿನೇ ನಡಿ ಅಂದವ್ರೆ ಕಣಕ್ಕ."

"ಡಾಕ್ಟ್ರ ಮಾತು ಕೇಳ್ಕೊಂಡು ಕೂತ್ಕೋಬೇಡ ಕಣ್ಲಾ," ಅಂದೆ. "ಇಲ್ಲೊಂದು ಮುದುಕಿ ಅನ್ನ ತಿನ್ಕೊಂಡು ಕೂತವ್ಳೆ. ಎದ್ದೇಳು."